ಊರು ಸುತ್ತಿದ ಕುಬಸದ ಬಟ್ಟೆ

ಈಗ ನಾನು ಹಾಕಿಕೊಂಡಿರುವ ಕುಬಸ ನನ್ನ ಯಾವ ಸೀರೆಗೂ ಹೊಂದುವುದಿಲ್ಲ. ಗಿಳಿಹಸಿರು ಬಣ್ಣ. ಅದೂ ಬಿಸಿಲಿನಲ್ಲಿ ಮಿಂಚುವಂಥದು. ಜಮಖಂಡಿಯ ಪೇಟೆಯಲ್ಲಿ ಕಾಯಿಪಲ್ಲೆ ಕೊಳ್ಳುವಾಗ ಗುರುತಿನವರು ಸಿಕ್ಕರೆ ಮೊದಲು ಕುಬಸ ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ. ಬಾಯಿಬಿಟ್ಟು ಯಾರೂ ಏನೂ ಅನ್ನುವುದಿಲ್ಲ, ನಮ್ಮ ಕಡೆಯವರು ಅಷ್ಟು ಮರ್ಯಾದಸ್ಥರು. ಮೊನ್ನೆ ಒಬ್ಬಾಕೆ ಮಾತ್ರ, "ಕಣ್ಣಿಗಿ ತಂಪ ಐತಿ ಬಿಡ್ರಿ," ಎಂದಳು. ಇದನ್ನು ನಾನು ಯಾಕೆ ಹೊಲಿಸಿಕೊಂಡೆ ಎಂಬುದನ್ನು ಹೇಳಬೇಕೆಂದರೆ ನಮ್ಮ ಮನೆಯ ಟ್ರಂಕಿನಿಂದಲೇ ಶುರು ಮಾಡಬೇಕು.

ಅಂಥ ಟ್ರಂಕು ನಿಮ್ಮ ಮನೆಯಲ್ಲೂ ಇರಬೇಕು. ಇಲ್ಲ ಅಂದರೆ ನಾನು ನಂಬುವುದಿಲ್ಲ. ಮಂಚದ ಕೆಳಗೋ ಬೀರುವಿನ ತಲೆಯ ಮೇಲೋ ಕೂತಿರುತ್ತದೆ. ಮದುವೆ, ತೊಟ್ಟಿಲು, ಗೃಹಪ್ರವೇಶ ಅಂತ ಹೋದಲ್ಲೆಲ್ಲ ಹೆಣ್ಣುಮಕ್ಕಳ ಉಡಿಗೆ ಬಿದ್ದ ಕುಬಸದ ಬಟ್ಟೆಗಳು ಅದರಲ್ಲಿ ಮಡಿಕೆ ಮುರಿಯದೆ ಮಲಗಿರುತ್ತವೆ. ಅವು ಹೊಲಿಸುವುದಕ್ಕೆ ಬಂದವಲ್ಲ, ಮುಂದೆ ಕೊಡುವುದಕ್ಕೆ ಬಂದವು. ಅವರು ಕೊಟ್ಟದ್ದನ್ನು ಇವರಿಗೆ, ಇವರು ಕೊಟ್ಟದ್ದನ್ನು ಇನ್ನೊಬ್ಬರಿಗೆ. ಹೀಗೆ ಬಟ್ಟೆಗಳು ಊರಿಂದೂರಿಗೆ ಬಸ್ಸಿನಲ್ಲಿ ಓಡಾಡುತ್ತಲೇ ಇರುತ್ತವೆ. ಎಲ್ಲರೂ ಇದನ್ನೇ ಮಾಡುತ್ತೇವೆ, ಮಾಡುತ್ತೇವೆ ಎಂದು ಯಾರೂ ಒಪ್ಪುವುದಿಲ್ಲ. ಕೊಟ್ಟವರು ಎದುರಿಗೆ ಬಂದು, "ಹೊಲಿಸಿದಿರೇನು?" ಎಂದರೆ, "ಅಯ್ಯ, ಆಗಲೇ ಹೊಲಿಸಿದೆ, ಎಷ್ಟ ಛಲೋ ಕೂತೈತಿ!" ಎನ್ನಬೇಕು. ಇದು ಸುಳ್ಳಲ್ಲ, ರಿವಾಜು.

ಈ ಟ್ರಂಕಿನ ಮೇಲೆ ನನ್ನ ಸೊಸೆ ಸುಧಾಳ ಕಣ್ಣು ಬಿದ್ದದ್ದು ಯುಗಾದಿಯ ಮುಂಚೆ, ಮನೆಗೆ ಬಣ್ಣ ಹಚ್ಚಿಸುವಾಗ. ಒಳ್ಳೆಯ ಹುಡುಗಿ. ಆದರೆ ಮೊಬೈಲಿನಲ್ಲಿ ಯಾರೋ ಒಬ್ಬಾಕೆ ಮನೆ ಹಗುರ ಮಾಡಿಕೊಳ್ಳುವುದನ್ನು ಕಲಿಸುತ್ತಾಳಂತೆ, ಅದನ್ನು ನೋಡಿ ನೋಡಿ ಸುಧಾಳಿಗೆ ಮನೆಯೆಲ್ಲ ಭಾರವಾಗಿ ಕಾಣತೊಡಗಿತ್ತು.

"ಅತ್ತೀ, ಒಂದ ವರ್ಷ ಯಾವುದನ್ನ ಮುಟ್ಟಿಲ್ಲೋ ಅದು ನಮಗ ಬೇಕಾಗಿಲ್ಲ ಅಂತ ಅರ್ಥರಿ."

ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ನಮ್ಮ ಮನೆಯವರನ್ನು ತೋರಿಸಿ, "ಹಂಗಾದ್ರ ಮೊದಲ ನಿಮ್ಮ ಮಾವನ್ನ ಹೊರಗ ಇಡೂಣು," ಎಂದೆ. ಅವರು ಪೇಪರು ಸರಿಸಲಿಲ್ಲ. "ನನ್ನ ಯಾರೂ ಉಡಿಯೊಳಗ ಹಾಕ್ಕೊಳ್ಳಂಗಿಲ್ಲ ಬಿಡ," ಎಂಬ ಮಾತಷ್ಟೇ ಪೇಪರಿನ ಹಿಂದಿನಿಂದ ಬಂತು.

ಮಂಚದ ಮೇಲೆ ಸುಧಾ ಎರಡು ಗುಡ್ಡೆ ಮಾಡಿದಳು. ಇಡುವಂಥವು ಒಂದು ಕಡೆ, ಕೊಡುವಂಥವು ಇನ್ನೊಂದು ಕಡೆ. ಆಕೆ ಕೊಡುವ ಗುಡ್ಡೆಗೆ ಹಾಕಿದ್ದನ್ನು ನಾನು ಮೆಲ್ಲಗೆ ಇಡುವ ಗುಡ್ಡೆಗೆ ದಾಟಿಸುತ್ತಿದ್ದೆ. ಹಿಡಿಕೆ ಹೋದ ಚಹದ ಸೋಸಣಿಗೆ, ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ. ಆಕೆ ನೋಡಿಯೂ ನೋಡದಂತೆ ಮತ್ತೆ ಆಚೆಗೆ ಹಾಕುತ್ತಿದ್ದಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮಂಚದ ಮೇಲೆ ಬಿದ್ದು, ಎದ್ದ ಧೂಳೆಲ್ಲ ಅದರಲ್ಲಿ ತೇಲುತ್ತಿತ್ತು. ಟ್ರಂಕಿನ ತಳಕ್ಕೆ ಕೈ ಹಾಕಿದೆ. ನುಸಿಗುಳಿಗೆಯ ವಾಸನೆಯ ಜೊತೆಗೆ ದಾಳಿಂಬೆ ಕೆಂಪಿನ ಒಂದು ಮಡಿಕೆ ಕೈಗೆ ಬಂತು. ಅದು ಕೈಗೆ ಬಂದದ್ದೇ ತಡ, ನಾನು ಜಮಖಂಡಿಯಲ್ಲಿ ಉಳಿಯಲಿಲ್ಲ.

ನಮ್ಮ ತವರು ಬನಹಟ್ಟಿ. ನಾನು ಹುಟ್ಟಿದ್ದು ಮಗ್ಗದ ಮನೆಯಲ್ಲಿ. ನಡುಮನೆಯ ನೆಲದಲ್ಲೇ ಕುಣಿ, ಕುಣಿಯೊಳಗೆ ಅಪ್ಪನ ಕಾಲು, ನೆಲದ ಮಟ್ಟಕ್ಕೆ ಅಪ್ಪನ ಮಡಿಲು, ಮಡಿಲಿನಿಂದ ಮುಂದಕ್ಕೆ ಹೊಳೆಯಂತೆ ಹರಿದುಹೋಗುವ, ಹಾಸು ಎಂಬ ಉದ್ದನೆಯ ಎಳೆಗಳು. ಲಾಳಿ ಆಚೆಗೆ ಹೋಗಿ ಈಚೆಗೆ ಬರುವ ಸದ್ದಿನಲ್ಲಿಯೇ ನಮಗೆ ನಿದ್ದೆ ಬರುತ್ತಿತ್ತು. ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ಈಗಲೂ ಬಸ್ಸಿನಲ್ಲಿ ಕಿಟಕಿಯ ಗಾಜು ಒಂದೇ ಸಮನೆ ಅಲುಗಿ ಸದ್ದು ಮಾಡಿದರೆ ನನ್ನ ಕಣ್ಣು ತಾನಾಗಿ ಮುಚ್ಚುತ್ತದೆ. ಇಳಿಯುವ ಊರು ದಾಟಿ ಹೋದದ್ದೂ ಉಂಟು.

ಒಂದು ಹಾಸು ನೇಯ್ದು ಮುಗಿಯಿತೆಂದರೆ ಬಟ್ಟೆಯನ್ನು ಪೂರಾ ಕೊನೆಯವರೆಗೆ ನೇಯುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಮಗ್ಗದಲ್ಲೇ ಬಿಡುತ್ತಾರೆ. ಹೊಸ ಹಾಸು ಬಂದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನಿಟ್ಟು, ಬೆರಳಿಗೆ ಬೂದಿ ಹಚ್ಚಿಕೊಂಡು, ಒಂದೊಂದಾಗಿ ಹೊಸೆದು ಕೂಡಿಸಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಆಯಿಯ, ಎಂದರೆ ಅಪ್ಪನ ಅವ್ವನ, ಕೆಲಸ, ಆಯಿಯ ಪಕ್ಕದಲ್ಲಿ ನಾನು. ಕೈ ಕೆಚ್ಚುತ್ತಿದ್ದರೆ ಆಯಿಯ ಬಾಯಿ ಕಥೆ ಹೇಳುತ್ತಿತ್ತು. ಎಳೆ ಹರಿದರೆ ಕಥೆಯೂ ನಿಲ್ಲುತ್ತಿತ್ತು. ರಾಜಕುಮಾರಿ ಬಾವಿಯ ಕಟ್ಟೆಯ ಮೇಲೆ ಒಂದು ಕಾಲಿಟ್ಟು ಹಾಗೇ ನಿಂತಿರುತ್ತಿದ್ದಳು, ಆಯಿ ಹರಿದ ತುದಿ ಹುಡುಕುವತನಕ. ನನಗೆ ಮಾತು ಬಂದದ್ದು ಹೀಗೆ. ಸಾಲಿಯಲ್ಲಿ ಕಲಿತದ್ದು ಅಕ್ಷರ ಮಾತ್ರ. ಒಂದು ಕಥೆ ಹೇಳಹೊರಟು ಇನ್ನೊಂದಕ್ಕೆ ಗಂಟು ಹಾಕುತ್ತೇನೆಂದು ನಮ್ಮ ಮನೆಯವರು ಬೈಯುತ್ತಾರಲ್ಲ, ಆ ದೋಷವೂ ಬೂದಿ ಹಚ್ಚಿದ ಆ ಬೆರಳುಗಳದೇ.

ನಾನು ಮದುವೆಯಾಗಿ ಜಮಖಂಡಿಗೆ ಬಂದ ಮೇಲೆ ತವರಿನ ಓಣಿಗೆ ಪಾವರ್‌ಲೂಮು ಬಂತು. ಅಪ್ಪನ ಮೊಣಕಾಲಿಗೂ ಕುಣಿ ಸಾಕಾಗಿತ್ತು. ಕೊನೆಯ ಹಾಸಿನ ಕೊನೆಯ ಸೀರೆ ಇಳಿಸಿದ ಮೇಲೆ ಒಂದು ಕುಬಸಕ್ಕಾಗುವಷ್ಟು ಎಳೆ ಉಳಿದಿತ್ತು. ಅವತ್ತು ನಾನು ಅಲ್ಲೇ ಇದ್ದೆ. ಅಡ್ಡಕ್ಕೆ ಹಾಯಿಸುವ ದಾಳಿಂಬೆ ಬಣ್ಣದ ನೂಲು ನಡುವೆಯೇ ತೀರಿತು. ಕೈಗೆ ಸಿಕ್ಕ ನೀಲಿ ನೂಲನ್ನು ಲಾಳಿಗೆ ಹಾಕಿ ಅಪ್ಪ ಇನ್ನು ನಾಲ್ಕು ಬೆರಳು ನೇಯ್ದ. ಇನ್ನು ಲಾಳಿ ಹೋಗದು ಎನ್ನುವಷ್ಟು ಹತ್ತಿರ ಬಂದಾಗ ಕತ್ತರಿ ತೆಗೆದುಕೊಂಡು, ಯಾವಾಗಲೂ ಮಗ್ಗದಲ್ಲಿ ಬಿಡುತ್ತಿದ್ದ ತುದಿಗಳನ್ನೂ ಬಟ್ಟೆಯ ಜೊತೆಗೇ ಕೊಯ್ದ. ಕೆಚ್ಚುವುದಕ್ಕೆ ಇನ್ನು ಹೊಸ ಹಾಸು ಬರುವುದಿರಲಿಲ್ಲವಲ್ಲ. ಗೇಣುದ್ದ ಎಳೆಗಳು ಬಟ್ಟೆಯ ಅಂಚಿಗೆ ಸುಮ್ಮನೆ ಜೋತುಬಿದ್ದವು. ಅದನ್ನು ನನ್ನ ಕೈಗೆ ಕೊಟ್ಟು, "ತಗೋ ಕಮ್ಲಿ, ಹೊಲಿಸ್ಕೊಂಡು ಹಾಕ್ಕೋ. ಟ್ರಂಕಿನ್ಯಾಗ ಇಟ್ಟು ನುಸಿಗುಳಿಗಿ ವಾಸನಿ ಹಿಡಿಸಬ್ಯಾಡ," ಎಂದ.

ನಾನು ಏನು ಮಾಡಿದೆ ಎಂದು ನೀವು ಕೇಳಬೇಕಾಗಿಲ್ಲ. ಎಷ್ಟೋ ಸಲ ಟೇಲರನ ಅಂಗಡಿಯ ಮೆಟ್ಟಿಲತನಕ ಒಯ್ದೆ. ಅವನ ಕೈಯಲ್ಲಿಯ ಕತ್ತರಿ ನೋಡಿ, "ಬೇರೆ ಬಟ್ಟಿ ತರತೇನ್ರಿ," ಎಂದು ಹೊಳ್ಳಿ ಬಂದೆ. ಅಪ್ಪ ಹೋದ ಮೇಲಂತೂ ಮೆಟ್ಟಿಲತನಕವೂ ಒಯ್ಯಲಿಲ್ಲ. ವರ್ಷಕ್ಕೊಮ್ಮೆ ತೆಗೆದು, ಜೋತುಬಿದ್ದ ಎಳೆಗಳನ್ನು ಬೆರಳಿನಿಂದ ಬಾಚಿ, ಅವು ಒಳಗೆ ಬರುವಂತೆ ಮಡಿಚಿ ಮತ್ತೆ ಮಲಗಿಸುತ್ತಿದ್ದೆ. ಮಡಿಚಿದರೆ ಅದು ಎಲ್ಲ ಬಟ್ಟೆಯಂತೆಯೇ ಕಾಣುತ್ತಿತ್ತು. ಅಲ್ಲೇ ಆದದ್ದು ಅನಾಹುತ.

ಸುಧಾಳ ಎರಡು ಗುಡ್ಡೆಗಳಲ್ಲಿ ಯಾವುದರ ಮೇಲೂ ನನಗೆ ನಂಬಿಕೆ ಇರಲಿಲ್ಲ. ಅಪ್ಪನ ಬಟ್ಟೆ ಎರಡರೊಳಗೂ ಬೆರೆಯಬಾರದೆಂದು ಕಿಟಕಿಯ ಕಟ್ಟೆಯ ಮೇಲಿದ್ದ ಒಂದು ತಾಟಿನಲ್ಲಿ ಜೋಪಾನವಾಗಿ ಬೇರೆ ಇಟ್ಟೆ. ಅಷ್ಟರಲ್ಲಿ ಬಾಗಿಲಲ್ಲಿ, "ಕಮ್ಲಕ್ಕಾ, ಅದೀಯೇನ ಬೇ?" ಎಂಬ ದನಿ. ಮುಧೋಳದ ಶಾಂತಾ. ನನ್ನ ಸಾಲಿಯ ಗೆಳತಿ. ಕೋರ್ಟಿನ ಯಾವುದೋ ಕೆಲಸಕ್ಕೆ ಗಂಡನ ಜೊತೆ ಜಮಖಂಡಿಗೆ ಬಂದವಳು ಹಾಗೇ ಹಾಯ್ದು ಹೋಗೋಣ ಎಂದು ಬಂದಿದ್ದಳು. ಚಹಾ ಆಯಿತು, ಮಾತಾಯಿತು, ಸಾಲಿಯ ಮಾಸ್ತರರಿಂದ ಹಿಡಿದು ಶಾಂತಾಳ ಸಕ್ಕರೆ ಕಾಯಿಲೆಯ ತನಕ ಎಲ್ಲ ಆಯಿತು. ಹೊರಗೆ ಗಂಡ ಅವಸರ ಮಾಡತೊಡಗಿದ. ಮುತ್ತೈದೆಯನ್ನು ಬರಿ ಉಡಿಯಲ್ಲಿ ಕಳಿಸುವುದುಂಟೇ? ಸುಧಾ ಓಡಿಹೋಗಿ ತಾಟಿಗೆ ಅಕ್ಕಿ ಹಾಕಿ, ತೆಂಗಿನಕಾಯಿ ಇಟ್ಟು, ಕುಂಕುಮದ ಭರಣಿ ಇಟ್ಟು ತಂದಳು. ಬಟ್ಟೆ ಮೊದಲೇ ತಾಟಿನಲ್ಲಿತ್ತು. ಅತ್ತೆ ಆರಿಸಿ ಇಟ್ಟಿದ್ದಾರೆ ಎಂದುಕೊಂಡಳು, ಪಾಪ. ಶಾಂತಾ ಸೆರಗು ಒಡ್ಡಿದಳು. ನಾನು ಆಕೆಯ ಮುಖ ನೋಡುತ್ತ, ಮಾತನಾಡುತ್ತ, ನಗುತ್ತ ನನ್ನ ಕೈಯಾರೆ ಅಪ್ಪನ ಬಟ್ಟೆಯನ್ನು ಆಕೆಯ ಉಡಿಯಲ್ಲಿ ಹಾಕಿದೆ. ಕಣ್ಣು ಕೈಯ ಕಡೆ ಹೋಗಲೇ ಇಲ್ಲ. ಬಾಯಿ ದೊಡ್ಡದಾದವರಿಗೆ ಕೈ ಏನು ಮಾಡುತ್ತದೆಂಬುದು ತಿಳಿಯುವುದಿಲ್ಲ.

ಗೊತ್ತಾದದ್ದು ಮರುದಿನ, ಖಾಲಿ ತಾಟು ನೋಡಿದಾಗ.

"ಫೋನ್ ಮಾಡ್ರಿ ಅತ್ತೀ, ತಿರುಗಿ ಕೇಳ್ರಿ," ಎಂದು ಸುಧಾ ಅಳುವ ಮುಖ ಮಾಡಿದಳು.

"ಉಡಿಯೊಳಗ ಹಾಕಿದ್ದನ್ನ ತಿರುಗಿ ಕೇಳತಾರೇನ? ಬುದ್ಧಿ ಐತಿಲ್ಲ ನಿನಗ?"

ಹಾಗೆಂದೆನೇ ಹೊರತು, ಒಂದು ವಾರ ನನ್ನ ಕಿವಿಯಲ್ಲಿ ಬರೀ ಕತ್ತರಿಯ ಸದ್ದು. ರೊಟ್ಟಿ ಬಡಿಯುವಾಗ ಕತ್ತರಿ, ದೇವರ ಮುಂದೆ ಗಂಟೆ ಬಾರಿಸುವಾಗ ಕತ್ತರಿ. ಹೊಲಿಸುವುದಕ್ಕೆ ಮುಂಚೆ ಹೇಗಾದರೂ ತಡೆಯಬೇಕು ಎಂದು ಕೊನೆಗೆ ಫೋನು ಮಾಡಿದೆ. ಹವೆ, ಮಳೆ, ಸಕ್ಕರೆ ಕಾಯಿಲೆ ಎಲ್ಲ ಮಾತಾಡಿ ಮೆಲ್ಲಗೆ ಕೇಳಿದೆ, "ಶಾಂತಾ, ಅದು… ಕುಬಸದ ಬಟ್ಟಿ… ಹೊಲಿಸಾಕ ಕೊಟ್ಟೇನು?"

"ಅಯ್ಯ, ಕೊಡೂದೇನ ಬಂತ ಕಮ್ಲಕ್ಕಾ! ಹೊಲದ ಬಂದೂ ಆತು. ಅದನ್ನ ಹಾಕ್ಕೊಂಡ ಕುಂತೇನಿ ನೋಡ ಈಗ. ಎಷ್ಟ ಛಲೋ ಕೂತೈತಿ ಅಂತೀ!"

ಫೋನು ಇಟ್ಟು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಅದೇ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೆ ಎಂಬುದು ಆಗ ನೆನಪಾಗಲಿಲ್ಲ ನೋಡಿ. ನಮ್ಮ ಬಾಯಿಂದ ಬಂದರೆ ರಿವಾಜು, ಇನ್ನೊಬ್ಬರ ಬಾಯಿಂದ ಬಂದರೆ ಖರೆ ಎಂದೇ ತಿಳಿಯುತ್ತೇವೆ.

ಬೇಸಿಗೆ ಹೋಯಿತು. ಮನೆ ಸುಧಾ ಅಂದುಕೊಂಡಂತೆ ಹಗುರಾಯಿತು. ನಡೆದರೆ ಕಾಲಿಗೆ ಏನೂ ತಾಗುತ್ತಿರಲಿಲ್ಲ. ನನಗೆ ಮಾತ್ರ ಮಧ್ಯಾಹ್ನ ಮಲಗಿದಾಗ ಆ ಕೆಂಪು ಬಟ್ಟೆ ಎಲ್ಲೋ ತಂತಿಯ ಮೇಲೆ ಒಣಗುತ್ತಿರುವಂತೆ, ಎಳೆಗಳು ಗಾಳಿಗೆ ತೂಗುತ್ತಿರುವಂತೆ, ಆಯಿ ಬೂದಿಯ ಬೆರಳಿನಿಂದ ಅವನ್ನು ಹಿಡಿಯಲು ಹೋದಂತೆ ಕಾಣುತ್ತಿತ್ತು. ಕತ್ತರಿಸಿದ್ದರೆ ಕತ್ತರಿಸಿರಲಿ, ಶಾಂತಾಳ ಮೈಮೇಲೆ ಹೇಗೆ ಕಾಣುತ್ತದೆ ಒಮ್ಮೆ ನೋಡಿಬರುತ್ತೇನೆ ಎಂದು ಶ್ರಾವಣದಲ್ಲಿ ಸುಧಾಳನ್ನು ಕರೆದುಕೊಂಡು ಮುಧೋಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಬ್ಬು ಗಾಳಿಗೆ ಒಂದೇ ಕಡೆ ವಾಲುತ್ತಿತ್ತು.

ಶಾಂತಾಳ ಅಂಗಳದಲ್ಲಿ ಒಂದು ಮುಧೋಳ ನಾಯಿ. ಗಾಳಿ ಬೀಸಿದರೆ ಹಾರಿಹೋಗುವಷ್ಟು ತೆಳ್ಳಗೆ. ಮೂಸಿ ನೋಡಿ, ನಮ್ಮಲ್ಲಿ ಓಡಿಸುವಂಥದೇನೂ ಇಲ್ಲವೆಂದು ಮತ್ತೆ ಮಲಗಿತು. ಶಾಂತಾ ಖುಷಿಯಾಗಿ ಒಳಗೆ ಕರೆದಳು. ನಾನು ಚಹಾ ಕುಡಿಯುತ್ತ, "ಆ ಕುಬಸ ತೋರಸಲ್ಲ, ನೋಡೂಣು," ಎಂದೆ. ಶಾಂತಾ ಬೀರು ತೆಗೆದು ಅದನ್ನೂ ಇದನ್ನೂ ಕೆದರಿದಳು. ಒಗೆಯಲು ಹಾಕಿದೆ ಎಂದಳು. ಇಲ್ಲ, ಇಸ್ತ್ರಿಗೆ ಕೊಟ್ಟೆ ಎಂದಳು. ಬೆನ್ನು ತಿರುಗಿಸಿಯೇ ನಿಂತಿದ್ದಳು.

ಸುಧಾಳಿಗೆ ತಡೆಯಲಾಗಲಿಲ್ಲ. "ಮಾವಶಿ, ಅದು ಅತ್ತಿಯವರ ಅಪ್ಪಾರು ಕಡೀಕ ನೇದ ಬಟ್ಟಿರೀ. ತಪ್ಪಿ ನಿಮ್ಮ ಉಡಿಗಿ ಬಂದೈತಿ," ಎಂದುಬಿಟ್ಟಳು.

ಶಾಂತಾ ಬೀರುವಿನ ಬಾಗಿಲು ಹಿಡಿದುಕೊಂಡೇ ಕೆಳಗೆ ಕೂತಳು. "ಯವ್ವಾ, ಮೊದಲಽ ಹೇಳಬಾರದೇನ ಕಮ್ಲಕ್ಕಾ! ನಾ ಎಲ್ಲಿ ಹೊಲಿಸೇನಿ? ಬೀಳಗಿಯೊಳಗ ನಮ್ಮ ಅಣ್ಣನ ಸೊಸೀದು ಕುಬಸದ ಕಾರ್ಯಾ ಇತ್ತು, ಬಸರಿ ಹುಡುಗಿ, ಕೆಂಪು ಛಲೋ ಕಾಣತೈತಿ ಅಂತ ಆಕೀ ಉಡಿಗಿ ಹಾಕಿ ಬಂದೇನಿ."

"ಮತ್ತ ಹಾಕ್ಕೊಂಡ ಕುಂತೇನಿ ಅಂದೆಲ್ಲ?"

"ಮತ್ತೇನ ಅನ್ನಬೇಕಾಗಿತ್ತು? ನೀ ಕೊಟ್ಟಿದ್ದನ್ನ ದಾನಾ ಮಾಡಿದೆ ಅನ್ನಲೇನು? ನೀ ಏನ ಎಲ್ಲಾ ಹೊಲಿಸ್ಕೊಂಡೀಯೇನ? ಹೋದ ವರ್ಷ ನಾ ಕೊಟ್ಟ ಬದನೀಕಾಯಿ ಬಣ್ಣದ್ದು ಎಲ್ಲೈತಿ, ತೋರಸು!"

ಆ ಬದನೆಕಾಯಿ ಬಣ್ಣ ತೇರದಾಳಕ್ಕೆ ಹೋಗಿತ್ತು. ನಾನು ಸುಧಾಳ ಮುಖ ನೋಡಿದೆ. ಸುಧಾ ಮೇಲಿನ ಫ್ಯಾನು ನೋಡಿದಳು. ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಶಾಂತಾ ಕಣ್ಣೊರೆಸಿಕೊಳ್ಳುತ್ತ ಬೀಳಗಿಗೆ ಫೋನು ಹಚ್ಚಿದಳು. ಹುಡುಗಿ ಹೆರಿಗೆಗೆ ತವರಿಗೆ ಹೋಗಿದ್ದಾಳೆ, ಉಡಿಗೆ ಬಂದ ಬಟ್ಟೆಗಳ ಗಂಟನ್ನೂ ಜೊತೆಗೆ ಒಯ್ದಿದ್ದಾಳೆ ಎಂಬ ಸುದ್ದಿ ಬಂತು. ಹೆಣ್ಣು ಕೂಸಂತೆ. ತವರು ಯಾವುದು ಎಂದರೆ, ರಬಕವಿ.

ಬನಹಟ್ಟಿಗೆ ರಬಕವಿ ಎಷ್ಟು ದೂರ? ಒಂದರ ಸದ್ದು ಇನ್ನೊಂದಕ್ಕೆ ಕೇಳುತ್ತದೆ. ನಾನು ಅಷ್ಟು ಕಳವಳ ಪಡುತ್ತಿದ್ದಾಗ ಬಟ್ಟೆ ತನ್ನ ಪಾಡಿಗೆ ತಾನು ಊರೆಲ್ಲ ಸುತ್ತಿ, ಹುಟ್ಟಿದ ಓಣಿಯ ಬಾಗಿಲತನಕ ಹೋಗಿ ಕೂತಿತ್ತು.

"ಇನ್ನೂ ಕತ್ತರಿಸಿರಲಿಕ್ಕಿಲ್ಲರಿ ಅತ್ತೀ," ಎಂದಳು ಸುಧಾ, ಎರಡು ದಿನ ಬಿಟ್ಟು ಮುಂಜಾನೆ ರಬಕವಿಯ ಬಸ್ಸಿನಲ್ಲಿ. "ಬಾಣಂತಿ ಯಾವಾಗ ಹೊಲಿಸ್ತಾಳ? ಕೇಳಿದ್ರ ಕೊಡತಾರ. ಬದ್ಲಿಗೆ ಛಲೋದೊಂದು ಜರದ ಖಣಾ ತಂದೇನಿ." ಆಕೆ ಚೀಲ ತಟ್ಟಿ ತೋರಿಸಿದಳು. ಮನೆ ಹಗುರ ಮಾಡಲು ಹೊರಟ ಹುಡುಗಿ ಅದಕ್ಕಾಗಿ ಹೊಸದೊಂದು ಬಟ್ಟೆ ಕೊಂಡಿದ್ದಳು. ನಾನು ಆಕೆಯ ಕೈ ಹಿಡಿದುಕೊಂಡೆ.

ಓಣಿಯಲ್ಲಿ ಪಾವರ್‌ಲೂಮಿನ ಸದ್ದು. ಕಿವಿಗೆ ಗಡಚಿಕ್ಕುವಂಥದು, ಅಪ್ಪನ ಲಾಳಿಯ ಸದ್ದಲ್ಲ. ಆದರೂ ಅದರ ಕೆಳಗೆಲ್ಲೋ ಅದು ಇದ್ದೇ ಇದೆ ಎಂದು ನನಗೆ ಅನಿಸುತ್ತಿತ್ತು. ಮನೆಯ ಬಾಗಿಲಲ್ಲಿ ಬಾಣಂತಿಯ ತಾಯಿ ನಿಂತಿದ್ದಳು, ನನ್ನದೇ ವಯಸ್ಸಿನ ಹೆಣ್ಣುಮಗಳು. ಮುಧೋಳದ ಶಾಂತಾ ಕಳಿಸಿದಳು ಎಂದದ್ದೇ ಸಾಕಾಯಿತು. "ಬರ್ರಿ, ಬರ್ರಿ. ಕೂಸಿಗಿ ಈಗ ಎರದ ಹೊಗಿ ಹಾಕೇವಿ, ಅಂಗಳದಾಗ ಎಳಿಬಿಸಲಿಗಿ ಹಿಡದೇವಿ," ಎಂದು ಒಳಗೆ ಕರೆದುಕೊಂಡು ಹೋದಳು.

ಲೋಬಾನದ ಹೊಗೆ ಇನ್ನೂ ಅಂಗಳದಲ್ಲಿ ತೇಲುತ್ತಿತ್ತು. ಬಾಣಂತಿಯ ಮಡಿಲಲ್ಲಿ ಕೂಸು. ಕೂಸಿನ ನೆತ್ತಿಯಿಂದ ಬೆನ್ನಿನ ತನಕ ಇಳಿಬಿದ್ದ ಕುಂಚಿಗೆ. ದಾಳಿಂಬೆ ಕೆಂಪು. ಹಣೆಯ ಮೇಲೆ ಸರಿಯಾಗಿ ಬರುವಂತೆ ನಾಲ್ಕು ಬೆರಳು ನೀಲಿ ಪಟ್ಟಿ.

ಸುಧಾ ಹಿಂದಿನಿಂದ ನನ್ನ ಸೆರಗು ಹಿಡಿದು ಜಗ್ಗಿದಳು.

"ಛಲೋ ಅಂಚು ಐತಿ ನೋಡ್ರಿ," ಎಂದಳು ಆ ತಾಯಿ. "ನೇದವ ಯಾರೋ ಶಾಣ್ಯಾ ಇದ್ದಾನ. ಕೂಸಿನ ಹಣೀಗೇ ಅಂತ ನೇದಂಗ ಐತಿ. ನಾನಽ ಕೈಲೆ ಹೊಲದೇನಿ."

ಕೆಳಗೆ ಕೂತೆ. ಕೂಸು ಕಣ್ಣು ಬಿಟ್ಟು ನನ್ನನ್ನೋ ನನ್ನ ಹಿಂದಿನ ಬೆಳಕನ್ನೋ ನೋಡುತ್ತಿತ್ತು. ಕುಂಚಿಗೆಯ ಎರಡು ಬದಿಯ ಹೆಣೆದ ಕಸಿದಾರಗಳನ್ನು ಗದ್ದದ ಕೆಳಗೆ ಕಟ್ಟಿದ್ದರು. ಕಸಿಯ ಮೇಲರ್ಧ ಹಳೆಯ ಕೆಂಪು, ಕೆಳಗರ್ಧ ಹೊಸ ಹಳದಿ.

"ಈ ಕಸಿ?" ಎಂದೆ.

"ಅದಾ? ಬಟ್ಟೀ ತುದಿಗಿ ಎಳಿ ಹಂಗಽ ಬಿಟ್ಟಿದ್ರು ನೋಡ್ರಿ. ಕೊಯ್ದ ಒಗ್ಯಾಕ ಮನಸ ಬರಲಿಲ್ಲ. ಕಸಿ ಮಾಡೂಣಂದ್ರ ಸಾಲವಲ್ಲವು. ಅದಕ ಹೊಸಾ ನೂಲು ಕೆಚ್ಚಿ ಹೆಣದೇನಿ. ನಮ್ಮ ಅವ್ವ ಕಲಿಸಿದ್ದು. ಈಗ ಯಾರಿಗಿ ಬೇಕು?"

"ಅತ್ತೀ, ಹೇಳ್ರಿ," ಎಂದು ಸುಧಾ ಹಿಂದಿನಿಂದ ಮೆಲ್ಲಗೆ ತಿವಿದಳು.

ನಾನು ಕಸಿಯನ್ನು ಬೆರಳಲ್ಲಿ ಹಿಡಿದೆ. ಹಳೆಯದು ಮುಗಿದು ಹೊಸದು ಹತ್ತುವ ಕಡೆ ಒಂದಿಷ್ಟು ಒರಟು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ಒಂದೊಂದೇ ಎಳೆಯನ್ನು ಹೊಸೆದಿದ್ದಳು ಪುಣ್ಯಾತಗಿತ್ತಿ. ನುಸಿಗುಳಿಗೆಯ ವಾಸನೆ ಎಳ್ಳಷ್ಟೂ ಇರಲಿಲ್ಲ. ಲೋಬಾನ, ಹಾಲು, ಬಿಸಿಲು. ಕೂಸು ಆಕಳಿಸಿತು, ಕಸಿ ಸಡಿಲಾಯಿತು. ನಾನೇ ಬಿಚ್ಚಿ ಮತ್ತೆ ಕಟ್ಟಿದೆ.

"ಏನೋ ಹೇಳಾಕ ಬಂದಿದ್ರೇನರಿ?" ಎಂದಳು ಆ ತಾಯಿ.

"ಏನಿಲ್ಲರಿ. ಕೂಸಿನ್ನ ನೋಡಾಕ ಬಂದಿದ್ವಿ."

ಸುಧಾ ಚೀಲದಿಂದ ಜರದ ಖಣ ತೆಗೆದು ಬಾಣಂತಿಯ ಉಡಿಯಲ್ಲಿ ಹಾಕಿದಳು. ನಾವು ಏಳುವಾಗ ನಮ್ಮನ್ನು ಬರಿಗೈಯಲ್ಲಿ ಕಳಿಸುತ್ತಾರೆಯೇ? ಒಳಗೆ ಟ್ರಂಕು ತೆಗೆದ ಸದ್ದಾಯಿತು. ಅಕ್ಕಿ, ಕಾಯಿ ಬಂತು. ಅದರ ಮೇಲೆ ಗಿಳಿಹಸಿರು ಬಣ್ಣದ, ಮಡಿಕೆ ಮುರಿಯದ ಒಂದು ಕುಬಸದ ಬಟ್ಟೆ. ಸೆರಗು ಒಡ್ಡಿದೆ. ಈ ಸಲ ಮಾತಾಡಲಿಲ್ಲ, ಕೈಗಳನ್ನೇ ನೋಡಿದೆ.

ಹೊಳ್ಳಿ ಬರುವಾಗ ಬಸ್ಸಿನ ಕಿಟಕಿಯ ಗಾಜು ಒಂದೇ ಸಮನೆ ಸದ್ದು ಮಾಡುತ್ತಿತ್ತು. ನನಗೆ ಕಣ್ಣು ಎಳೆಯುತ್ತಿತ್ತು. ರಾಜಕುಮಾರಿ ಬಾವಿಯ ಕಟ್ಟೆಯಿಂದ ಕಾಲು ತೆಗೆದು ಮುಂದೆ ಹೊರಟಿದ್ದಳು. ಸುಧಾ ಹಸಿರು ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮಡಿಕೆ ಸವರುತ್ತಿದ್ದಳು. ಆಮೇಲೆ, "ಅತ್ತೀ, ಇದನ್ನ ಯಾವ ಗುಡ್ಡಿಗಿ ಹಾಕ್ಲಿರಿ? ಇಡೂದಕೋ, ಕೊಡೂದಕೋ?" ಎಂದು ಕೇಳಿದಳು.

"ಎರಡಕ್ಕೂ ಬ್ಯಾಡ," ಎಂದೆ ಕಣ್ಣು ಮುಚ್ಚಿಕೊಂಡೇ. "ಬಸ್ ಇಳದ ಕೂಡ್ಲೆ ಟೇಲರ್ ಅಂಗಡಿಗಿ ಹೋಗೂಣು."